ಸಂಗವ್ವನ ನಿದ್ದೆ

ಜಾಲಹಳ್ಳಿ
10 ಜೂನ್ 2024

ಪ್ರೀತಿಯ ಲಕ್ಷ್ಮಕ್ಕನಿಗೆ ಸಂಗವ್ವನ ನಮಸ್ಕಾರಗಳು.

ಕಾಗದ ನೋಡಿ ಗಾಬರಿಯಾಗಬೇಡಿ, ಎಲ್ಲರೂ ಚೆನ್ನಾಗಿದ್ದೇವೆ. ಇಪ್ಪತ್ತಾರು ವರ್ಷ ಅಕ್ಕಪಕ್ಕದ ಮನೆಯಲ್ಲಿದ್ದ ನಾವು ಒಬ್ಬರಿಗೊಬ್ಬರು ಕಾಗದ ಬರೆಯುವ ಪ್ರಸಂಗವೇ ಬಂದಿರಲಿಲ್ಲ. ಗೋಡೆ ತಟ್ಟಿದರೆ ಸಾಕಾಗುತ್ತಿತ್ತು. ನೀವು ಮಗಳು ದಿವ್ಯಾಳ ಜೊತೆ ಧಾರವಾಡಕ್ಕೆ ಹೋಗಿ ಎಂಟು ತಿಂಗಳಾಯಿತು. ಗದಗಿನ ಕಡೆಯವಳು ನಾನು ಬೆಂಗಳೂರಿನಲ್ಲಿ, ಇಲ್ಲೇ ಪಕ್ಕದ ಮಾಕಳಿಯವರು ನೀವು ಧಾರವಾಡದಲ್ಲಿ. ಯಾರು ಅದಲುಬದಲು ಮಾಡಿದರೋ!

ವಿಷಯ ಇಷ್ಟೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಒಂದು ದಿನ ಎರಡು ದಿನದ ಮಾತಲ್ಲ, ಬಹಳ ದಿನಗಳಿಂದ ಹೀಗೇ ಇದೆ. ಆರ್.ಟಿ. ನಗರದ ಡಾಕ್ಟರ್ ನಂದಕುಮಾರ್ ಹತ್ತಿರ ಹೋಗಿದ್ದೆ. ಮಾತ್ರೆ ಕೊಡುತ್ತಾರೆ ಎಂದುಕೊಂಡರೆ ಉಪದೇಶ ಕೊಟ್ಟರು. ಮೂರು ಗಂಟೆಯ ಮೇಲೆ ಕಾಫಿ ಬೇಡ, ಹಗಲು ಮಲಗಬೇಡಿ, ಎಂಟರ ಮೇಲೆ ಫೋನ್ ಮುಟ್ಟಬೇಡಿ, ಮನಸ್ಸಿನಲ್ಲಿ ಇರುವುದನ್ನು ಸಂಜೆಯೇ ಹಾಳೆಯ ಮೇಲೆ ಬರೆದು ಮುಗಿಸಿಬಿಡಿ ಎಂದರು. ಬರೆದದ್ದನ್ನು ಯಾರಿಗೂ ತೋರಿಸದೆ ಇಡುವುದು ಮೇಷ್ಟ್ರ ಕೆಲಸ ಮಾಡಿದವಳಿಗೆ ಒಗ್ಗುತ್ತದೆಯೇ? ಅದಕ್ಕೇ ನಿಮಗೆ. ಫೋನಿನಲ್ಲಾದರೆ ಈ ಸಣ್ಣ ಮನೆಯಲ್ಲಿ ಇವರಿಗೂ ಕೇಳುತ್ತದೆ.

ಯಶವಂತಪುರಕ್ಕೆ ಹೋಗುವಾಗ ಬಸ್ಸಿನ ಕಂಬಿ ಹಿಡಿದು ನಿಂತುಕೊಂಡೇ ನಿದ್ದೆ ಮಾಡುತ್ತಿದ್ದವರು ನೀವು. ಅದರ ಗುಟ್ಟು ಹೇಳಿ. ನನಗೆ ಚಿಂತೆ ಅಂತ ಏನೂ ಇಲ್ಲ. ಇವರೂ ಆರಾಮಾಗಿದ್ದಾರೆ. ಪೇಪರ್ ಓದುತ್ತಾ ಕುರ್ಚಿಯಲ್ಲೇ ತೂಕಡಿಸುತ್ತಾರೆ, ಅಷ್ಟೆ. ರಿಟೈರ್ ಆದವರಿಗೆ ಇನ್ನೇನು ಕೆಲಸ.

ನಿಮ್ಮ,
ಸಂಗವ್ವ


ಧಾರವಾಡ
22 ಜೂನ್ 2024

ಸಂಗವ್ವಾ,

ನಿನ್ನ ಕಾಗದ ನೋಡಿ ದಿವ್ಯ ನಕ್ಕಳು. "ಸಂಗವ್ವ ಆಂಟಿ ಅಕ್ಷರ ಇನ್ನೂ ಬೋರ್ಡ್ ಮೇಲೆ ಬರೆದಂಗೇ ಇದೆ" ಅಂದಳು. ನನ್ನದು ಕೋಳಿ ಕಾಲಿನ ಅಕ್ಷರ, ಸಹಿಸಿಕೊ.

ನನ್ನನ್ನು ನಿದ್ದೆಯ ಗುಟ್ಟು ಕೇಳಿದರೆ ಏನು ಹೇಳಲಿ? ತಲೆ ಇಡುತ್ತೇನೆ, ಬೆಳಗಾಗುತ್ತದೆ. ಯಾವತ್ತೂ ಹಾಗೇ. ಯಾವತ್ತೂ.

ಆದರೂ ನಿನಗೋಸ್ಕರ ಊರೆಲ್ಲ ವಿಚಾರಿಸಿದ್ದೇನೆ. ಮಲಗುವ ಮುಂಚೆ ಪಾದಕ್ಕೆ ಬೆಚ್ಚಗಿನ ಕೊಬ್ಬರಿ ಎಣ್ಣೆ ತಿಕ್ಕಬೇಕಂತೆ. ಗಸಗಸೆ ಅರೆದು ಹಾಲಿನಲ್ಲಿ ಕುದಿಸಿ ಒಂದು ಲೋಟ ಕುಡಿಯಬೇಕಂತೆ, ಇದು ಕೆಳಗಿನ ಮನೆಯ ರಾಣಿ ಹೇಳಿದ್ದು. ದಿವ್ಯ ತನ್ನ ಫೋನಿನಲ್ಲಿ ಓದಿ ಹೇಳಿದ್ದು ಇನ್ನೊಂದು: ಹಾಸಿಗೆಯಲ್ಲಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಹೊರಳಾಡುತ್ತಾ ಇರಬಾರದು. ಎದ್ದು ಬೇರೆ ಕಡೆ ಹೋಗಿ, ಸಣ್ಣ ದೀಪ ಹಾಕಿಕೊಂಡು, ಬೇಜಾರು ಬರುವಂಥ ಏನಾದರೂ ಕೆಲಸ ಮಾಡಬೇಕು. ಕಣ್ಣು ಎಳೆದಾಗ ಮಾತ್ರ ವಾಪಸ್ ಬಂದು ಮಲಗಬೇಕು. ಗಡಿಯಾರವನ್ನು ಗೋಡೆ ಕಡೆ ತಿರುಗಿಸಿಡು. ಮುನ್ನೂರರಿಂದ ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸು.

ಚಿಂತೆ ಇಲ್ಲ ಅಂತ ನೀನು ಬರೆದರೆ ನಾನು ನಂಬುವವಳಲ್ಲ. ನಿನ್ನ ಮಗ ಶರಣು ಮದುವೆ ವಿಷಯ ತಾನೇ? ಮೂವತ್ಮೂರಾಯಿತು ಅಂತ ಕೊರಗುತ್ತಿದ್ದೀಯ. ಅವನು ಹೆಸರಘಟ್ಟದ ಡೈರಿಯಲ್ಲಿ ಹಸುಗಳ ಜೊತೆ ಸುಖವಾಗಿದ್ದಾನೆ. ಬಿಡು.

ನಿನ್ನ ಲಕ್ಷ್ಮಕ್ಕ


ಜಾಲಹಳ್ಳಿ
8 ಜುಲೈ 2024

ಪ್ರೀತಿಯ ಲಕ್ಷ್ಮಕ್ಕನಿಗೆ,

ನೀವು ಹೇಳಿದ್ದೆಲ್ಲ ಒಂದೊಂದಾಗಿ ಮಾಡಿದೆ. ವರದಿ ಒಪ್ಪಿಸುತ್ತೇನೆ.

ಎಣ್ಣೆ ತಿಕ್ಕಿಕೊಂಡು, ಬಾಗಿಲು ಹಾಕಿದ್ದೇನೋ ಇಲ್ಲವೋ ಎಂದು ನೋಡಲು ಎದ್ದು ಜಾರಿದೆ. ಗೋಡೆ ಹಿಡಿದುಕೊಂಡದ್ದಕ್ಕೆ ಸೊಂಟ ಉಳಿಯಿತು. ಈಗ ಎಣ್ಣೆಯ ಮೇಲೆ ಕಾಲುಚೀಲ ಹಾಕುತ್ತೇನೆ. ಪಾದ ನುಣುಪಾಗಿದೆ, ನಿದ್ದೆ ಬಂದಿಲ್ಲ. ಗಸಗಸೆ ಹಾಲು ಮಾಡಿ ಆರಲಿ ಎಂದು ಇಟ್ಟಿದ್ದೆ. ಇವರು ಪಾಯಸ ಎಂದುಕೊಂಡು ಬೆಲ್ಲ ಹಾಕಿ ಕುಡಿದುಬಿಟ್ಟರು. ಮರುದಿನ ಒಂಬತ್ತಕ್ಕೆ ಎದ್ದು, "ಇವತ್ತೂ ಮಾಡ್ತಿಯೇನ ಅದನ್ನ?" ಎಂದು ಕೇಳುತ್ತಾರೆ! ಇನ್ನು ಎಣಿಕೆ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಮಗ್ಗಿ ಒಪ್ಪಿಸಿಕೊಂಡವಳಿಗೆ ಲೆಕ್ಕ ಎಂದ ಕೂಡಲೇ ಎಚ್ಚರವಾಗುತ್ತದೆ. ನೂರ ತೊಂಬತ್ತೆರಡರ ಹತ್ತಿರ ತಪ್ಪಿದೆ ಅನ್ನಿಸಿ ಮತ್ತೆ ಮುನ್ನೂರರಿಂದ ಶುರುಮಾಡಿದೆ.

ಎದ್ದು ಹಾಲ್‌ನಲ್ಲಿ ಹೋಗಿ ಕೂರುವುದೊಂದು ಆಗಲಿಲ್ಲ. ಹೋದೆ, ಎರಡು ನಿಮಿಷಕ್ಕೆ ವಾಪಸ್ ಬಂದೆ. ಇವರ ಗೊರಕೆ ಈಚೆಗೆ ಜಾಸ್ತಿಯಾಗಿದೆ. ನಾಲ್ಕು ಗಂಟೆ ದಾಟಿದರೆ ನನಗೆ ತಾನಾಗಿಯೇ ಕಣ್ಣು ಮುಚ್ಚುತ್ತದೆ. ಆರಕ್ಕೆ ಹಾಲಿನವನು ಬೆಲ್ ಮಾಡುತ್ತಾನೆ. ಎರಡು ಗಂಟೆಯ ನಿದ್ದೆ ಸಾಕಾಗುವುದಿಲ್ಲ ನೋಡಿ. ಮೊನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನಿನ್ನೆ ಹಾಕಲೇ ಇಲ್ಲ.

ಶರಣು ವಿಷಯ ನೀವು ಬರೆದದ್ದು ಸರಿ ಇದ್ದರೂ ಇರಬಹುದು.

ನಿಮ್ಮ,
ಸಂಗವ್ವ


ಧಾರವಾಡ
19 ಜುಲೈ 2024

ಸಂಗವ್ವಾ,

ಸಿಕ್ಕಿಬಿದ್ದೆ! ಗೊರಕೆ ಅಂತ ಮೊದಲೇ ಬರೆಯಬಾರದಾ? ಶಿವಪ್ಪಣ್ಣನ ಗೊರಕೆ ನನಗೆ ಗೊತ್ತಿಲ್ಲದ್ದೇನು, ಗೋಡೆ ಆಚೆಯಿಂದ ಇಪ್ಪತ್ತಾರು ವರ್ಷ ಕೇಳಿದ್ದೇನೆ. ನಮ್ಮ ಯಜಮಾನರು "ನೋಡೇ, ಫ್ಯಾಕ್ಟರಿ ಸೆಕೆಂಡ್ ಶಿಫ್ಟ್ ಶುರುವಾಯ್ತು" ಅನ್ನುತ್ತಿದ್ದರು.

ಇದಕ್ಕೆ ಎಣ್ಣೆಯೂ ಬೇಡ ಗಸಗಸೆಯೂ ಬೇಡ. ಶರಣು ಕೋಣೆ ಖಾಲಿ ಇದೆ. ಅಲ್ಲಿ ಹಾಸಿಗೆ ಹಾಕಿಕೊ, ಬಾಗಿಲು ಮುಚ್ಚಿಕೊ, ಮಲಗು. ಈ ವಯಸ್ಸಿನಲ್ಲಿ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಒಬ್ಬಳೇ ಮಲಗುವುದರಲ್ಲಿ ಎಂಥ ಸುಖ ಇದೆ ಗೊತ್ತಾ? ಇಡೀ ಮಂಚ ನಿನ್ನದೇ, ಹೊದಿಕೆ ಎಳೆಯುವವರಿಲ್ಲ, ಫ್ಯಾನ್ ಎಷ್ಟರಲ್ಲಿ ಇಡಬೇಕು ಅಂತ ಜಗಳ ಇಲ್ಲ. ನನ್ನನ್ನು ನೋಡಿ ಕಲಿ.

ಲಕ್ಷ್ಮಕ್ಕ


ಜಾಲಹಳ್ಳಿ
25 ಜುಲೈ 2024

ಲಕ್ಷ್ಮಕ್ಕನವರಿಗೆ,

ಬೇರೆ ಕೋಣೆಯ ಮಾತನ್ನು ದಯವಿಟ್ಟು ಇನ್ನು ಬರೆಯಬೇಡಿ. ಒಬ್ಬಳೇ ಮಲಗುವ ಸುಖ ನನಗೆ ಬೇಡ.

ನಿದ್ದೆಯ ವಿಷಯ ಇಲ್ಲಿಗೆ ಬಿಡೋಣ. ಹೇಗೋ ನಡೆಯುತ್ತದೆ.

ಸಂಗವ್ವ


ಧಾರವಾಡ
30 ಆಗಸ್ಟ್ 2024

ಶ್ರೀಮತಿ ಸಂಗವ್ವನವರಿಗೆ ನಮಸ್ಕಾರ.

ತಿಂಗಳಿಗೂ ಮೇಲಾಯಿತು, ಏನು ಬರೆಯಬೇಕೋ ತಿಳಿಯದೆ ಸುಮ್ಮನಿದ್ದೆ. ನಿಮ್ಮ ಕಾಗದವನ್ನು ಎಷ್ಟು ಸಲ ಓದಿದರೂ ಅದರ ಅರ್ಥ ಒಂದೇ ಆಗುತ್ತದೆ.

ಗಂಡ ಹೋದವಳು, ಗಂಡ ಇರುವವಳಿಗೆ 'ನನ್ನ ಹಾಗೆ ಒಬ್ಬಳೇ ಮಲಗು' ಎಂದು ಬರೆಯಬಾರದಿತ್ತು. ಅದು ನಿಮಗೆ ಅಪಶಕುನದ ಹಾಗೆ ಕೇಳಿಸಿರಬೇಕು. ನಾನು ತಮಾಷೆಗೆ ಬರೆದದ್ದು. ಆದರೆ ನನ್ನಂಥವಳ ತಮಾಷೆಯನ್ನೂ ಜನ ಬೇರೆ ರೀತಿ ತೆಗೆದುಕೊಳ್ಳುತ್ತಾರೆ ಅನ್ನುವುದನ್ನು ಈ ಒಂದೂವರೆ ವರ್ಷದಲ್ಲಿ ಕಲಿಯಬೇಕಿತ್ತು. ನೀವು ಹಾಗಲ್ಲ ಎಂದುಕೊಂಡಿದ್ದೆ. ಹೋದ ವರ್ಷ ಗೌರಿ ಹಬ್ಬಕ್ಕೆ ನಮ್ಮ ನೆಂಟರೇ ನನ್ನನ್ನು ಬಿಟ್ಟು ಉಳಿದವರಿಗೆ ಕುಂಕುಮ ಕೊಟ್ಟು ಹೋದಾಗ, ನೀವೊಬ್ಬರೇ ನನಗೆ ಸೀರೆ, ಹೂವು ತಂದು ಕೊಟ್ಟಿರಿ. ಈ ವರ್ಷ ಆ ತೊಂದರೆ ತೆಗೆದುಕೊಳ್ಳಬೇಡಿ.

ಶಿವಪ್ಪನವರು ನೂರು ವರ್ಷ ಚೆನ್ನಾಗಿರಲಿ. ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ.

ಇತಿ,
ನಾಗಲಕ್ಷ್ಮಿ


ಜಾಲಹಳ್ಳಿ
4 ಸೆಪ್ಟೆಂಬರ್ 2024

ಪ್ರೀತಿಯ ಲಕ್ಷ್ಮಕ್ಕ,

ನೀವು ನನ್ನನ್ನು 'ನೀವು' ಎಂದು ಕರೆದಿರಿ. ಆ ಎರಡಕ್ಷರ ಓದಿ ನಾನು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತುಬಿಟ್ಟೆ. ಸೀರೆ ನಿನ್ನೆಯೇ ಪಾರ್ಸೆಲ್ ಮಾಡಿದ್ದೇನೆ. ಹಬ್ಬಕ್ಕೆ ಮುಟ್ಟದಿದ್ದರೂ ನೀವು ಉಡಲೇಬೇಕು.

ನನಗೆ ಅಪಶಕುನವೂ ಇಲ್ಲ, ಏನೂ ಇಲ್ಲ. ನಾನು ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಇವತ್ತು ಬರೆದುಬಿಡುತ್ತೇನೆ.

ಹೋದ ವರ್ಷ ಫೆಬ್ರವರಿಯಲ್ಲಿ, ಆ ಬೆಳಿಗ್ಗೆ ನಿಮ್ಮ ಕೂಗು ಕೇಳಿ ಮೊದಲು ಓಡಿಬಂದವಳು ನಾನು. ನರಸಿಂಹಯ್ಯಣ್ಣ ಮಲಗಿದ್ದ ಹಾಗೇ ಇದ್ದರು. ಆಮೇಲೆ ನಿಮ್ಮ ನಾದಿನಿ ಪಟಾಲಮ್ಮ ಬಂದು ಕೇಳಿದಾಗ ನೀವು ಹೇಳಿದ್ದನ್ನು ನಾನೂ ಅಲ್ಲೇ ನಿಂತು ಕೇಳಿಸಿಕೊಂಡೆ. ನಾಲ್ಕು ಗಂಟೆಗೆ ಅವರು ಎದ್ದು ನೀರು ಕೇಳಿದರು, ನೀವೇ ಎದ್ದು ಕುಡಿಸಿದಿರಿ, "ಸಾಕು" ಎಂದು ಮಲಗಿದರು, ಅಷ್ಟೆ ಎಂದಿರಿ. ಆ ಮಾತು ನನ್ನ ಮನಸ್ಸಿನಲ್ಲಿ ಹಾಗೇ ನಿಂತುಬಿಟ್ಟಿತು. ಲಕ್ಷ್ಮಕ್ಕ ಎಚ್ಚರವಿದ್ದರು, ಕೊನೆಗೆ ಒಂದು ಗುಟುಕು ನೀರಾದರೂ ಕೊಟ್ಟರು. ನಾನು ನಿದ್ದೆ ಹೋಗಿದ್ದರೆ?

ಅವತ್ತಿನಿಂದ ನಾಲ್ಕು ಗಂಟೆಯ ತನಕ ನನಗೆ ನಿದ್ದೆ ಬರುವುದಿಲ್ಲ. ಮೊದಮೊದಲು ಅದು ಬರಿಯ ಹೆದರಿಕೆ ಇತ್ತು. ಆರು ತಿಂಗಳಿಂದ ನಿಜವಾಗಿಯೇ ಕಾವಲು ಕಾಯುತ್ತಿದ್ದೇನೆ. ಇವರ ಗೊರಕೆ ಜೋರಾಗುತ್ತಾ ಹೋಗುತ್ತದೆ, ಹೋಗಿ ಫಕ್ಕನೆ ನಿಲ್ಲುತ್ತದೆ. ಉಸಿರೇ ಇರುವುದಿಲ್ಲ. ನಾನು ಎಣಿಸುತ್ತೇನೆ. ಹತ್ತು, ಹದಿನೈದು, ಕೆಲವು ಸಲ ಮೂವತ್ತರ ತನಕ. ಆಮೇಲೆ ಬಾವಿಯಲ್ಲಿ ಮುಳುಗಿದವರು ಮೇಲೆ ಬಂದ ಹಾಗೆ ಒಂದು ಸಲ ಎಳೆದುಕೊಳ್ಳುತ್ತಾರೆ. ಎಳೆದುಕೊಳ್ಳದಿದ್ದರೆ ಭುಜ ಹಿಡಿದು ಅಲುಗಿಸುತ್ತೇನೆ. "ಏನಾತ?" ಎಂದು ಹೊರಳಿ ಮತ್ತೆ ಶುರುಮಾಡುತ್ತಾರೆ. ಬೆಳಿಗ್ಗೆ ಅವರಿಗೆ ಏನೂ ನೆನಪಿರುವುದಿಲ್ಲ. ಇಂಥವರನ್ನು ಬಿಟ್ಟು ಬೇರೆ ಕೋಣೆಯಲ್ಲಿ ಹೇಗೆ ಮಲಗಲಿ?

ಇದನ್ನು ಇವರಿಗೆ ಹೇಳಿಲ್ಲ. ಡಾಕ್ಟರಿಗೂ ಹೇಳಿಲ್ಲ, ನಿದ್ದೆ ಬರುವುದಿಲ್ಲ ಎಂದಷ್ಟೇ ಹೇಳಿದೆ. ಬಾಯಿಬಿಟ್ಟು ಹೇಳಿದರೆ ಅದು ಕಾಯಿಲೆಯಾಗುತ್ತದೆ, ಹೇಳದಿದ್ದರೆ ಬರಿಯ ಗೊರಕೆ. ಇನ್ನು ನಿಮಗೆ ಹೇಗೆ ಬರೆಯಲಿ? ನೀವು ಎಚ್ಚರವಿದ್ದೂ ಅಣ್ಣನನ್ನು ಉಳಿಸಿಕೊಳ್ಳಲಾಗಲಿಲ್ಲ, ನಾನು ಉಳಿಸಿಕೊಳ್ಳುತ್ತೇನೆ ಎಂದು ಹೇಳಿದ ಹಾಗಾಗುತ್ತಿರಲಿಲ್ಲವೇ?

ನನ್ನನ್ನು ಮೊದಲಿನ ಹಾಗೆ ಬೈದು ಒಂದು ಕಾಗದ ಬರೆಯಿರಿ.

ನಿಮ್ಮ ಸಂಗವ್ವ


ಧಾರವಾಡ
9 ಸೆಪ್ಟೆಂಬರ್ 2024

ಸಂಗವ್ವಾ, ನನ್ನ ತಾಯಿ,

ಇದನ್ನು ಓದಿ ಮುಗಿಸಿದ ಕೂಡಲೇ ಡಾಕ್ಟರ್ ಹತ್ತಿರ ಹೋಗು. ಶಿವಪ್ಪಣ್ಣನನ್ನೂ ಕರಕೊಂಡು ಹೋಗು. ನನಗೆ ಬರೆದದ್ದನ್ನು ಒಂದಕ್ಷರ ಬಿಡದೆ ಹೇಳು. ನೀನು ಕಾವಲು ಕೂತರೆ ಅದು ಚಿಕಿತ್ಸೆಯಲ್ಲ.

ಈಗ ನನ್ನ ವಿಷಯ. ಆ ನಾಲ್ಕು ಗಂಟೆಯ ನೀರು ಸುಳ್ಳು.

ಯಜಮಾನರು ನೀರು ಕೇಳಲಿಲ್ಲ. ಕೇಳಿದ್ದರೆ ನನಗೆ ಕೇಳಿಸಲೂ ಇಲ್ಲ. ನಾನು ನಿದ್ದೆ ಮಾಡುತ್ತಿದ್ದೆ ಸಂಗವ್ವ. ರಾತ್ರಿ ಹತ್ತಕ್ಕೆ ತಲೆ ಇಟ್ಟವಳು ಬೆಳಿಗ್ಗೆ ಆರೂವರೆಗೆ ಎದ್ದೆ. ಎದ್ದು ಮುಖ ತೊಳೆದು, ಕಾಫಿ ಸೋಸಿ, ಎರಡು ಲೋಟಕ್ಕೆ ಹಾಕಿಕೊಂಡು ಬಂದು ಕರೆದೆ. ಆಗ ಗೊತ್ತಾಗಿದ್ದು. ಡಾಕ್ಟರು ಬಂದು ನೋಡಿ, ಜೀವ ಹೋಗಿ ಆಗಲೇ ನಾಲ್ಕೈದು ಗಂಟೆಯಾಗಿದೆ, ನಿದ್ದೆಯಲ್ಲೇ ಹೃದಯ ನಿಂತಿದೆ, ಅವರಿಗೂ ಗೊತ್ತಾಗಿರುವುದಿಲ್ಲ ಅಂತ ನನ್ನೊಬ್ಬಳಿಗೇ ಹೇಳಿದರು. ಅಂದರೆ ನಾಲ್ಕು ಗಂಟೆಗೆ ಅವರು ಇರಲೇ ಇಲ್ಲ.

ಪಟಾಲಮ್ಮ ಬಂದವಳೇ ಎಲ್ಲರ ಮುಂದೆ ಕೇಳಿದಳು, "ಪಕ್ಕದಾಗೇ ಮಲ್ಗಿದ್ದೆಯಲ್ಲ ಅತ್ತಿಗೆ, ನಮ್ಮಣ್ಣ ಓಗಿದ್ದು ಗೊತ್ತಾಗ್ಲಿಲ್ವಾ? ಒಂದು ಮಾತೂ ಏಳ್ದೆ ಇಂಗೆ ಓಗ್ಬಿಟ್ನಾ?" ಆಗ ನನ್ನ ಬಾಯಿಗೆ ಆ ನೀರಿನ ಮಾತು ಬಂತು. ಎಲ್ಲಿಂದ ಬಂತೋ ಗೊತ್ತಿಲ್ಲ. ಹೇಳಿದ ಮೇಲೆ ಎಲ್ಲರಿಗೂ ಸಮಾಧಾನವಾಯಿತು, ನನ್ನನ್ನೂ ಹೊಗಳಿದರು. ಆಮೇಲೆ ಹೇಗೆ ವಾಪಸ್ ತೆಗೆದುಕೊಳ್ಳಲಿ? ಆವತ್ತಿನ ನಿದ್ದೆ ನನಗೆ ನಾಚಿಕೆ. ಅದಕ್ಕಿಂತ ನಾಚಿಕೆ, ಈಗಲೂ ನನಗೆ ಚೆನ್ನಾಗಿ ನಿದ್ದೆ ಬರುತ್ತದೆ. ಇಂಥ ಹೆಂಗಸು ಇರುತ್ತಾಳಾ ಅಂತ ನನಗೇ ಅನ್ನಿಸುತ್ತದೆ.

ನನ್ನ ಸುಳ್ಳನ್ನು ಹಿಡಿದುಕೊಂಡು ನೀನು ಒಂದೂವರೆ ವರ್ಷ ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡಿದ್ದೆ ಅಂತ ತಿಳಿದ ಕೂಡಲೇ ದಿವ್ಯಾಳನ್ನು ಕೂಗಿ ಕರೆದೆ. ನಿನ್ನ ಕಾಗದವನ್ನು ದಿವ್ಯಾಳ ಕೈಗೆ ಕೊಟ್ಟೆ. ಅವಳು ಓದಿದ ಮೇಲೆ ಎಲ್ಲ ಹೇಳಿದೆ. "ಅಮ್ಮ, ನೀನು ಜೀವಮಾನದಲ್ಲಿ ಯಾವತ್ತಾದ್ರೂ ನಾಲ್ಕು ಗಂಟೆಗೆ ಎದ್ದಿದ್ದೀಯಾ? ನಂಗೆ ಅವತ್ತೇ ಗೊತ್ತಿತ್ತು" ಅಂದಳು. "ಮತ್ತೆ ಯಾಕೆ ಸುಮ್ನಿದ್ದೆ?" ಅಂತ ಕೇಳಿದೆ. "ಅಪ್ಪ ನೀರು ಕುಡಿದು ಹೋದ್ರು ಅಂತ ಅಂದ್ಕೊಳ್ಳೋದು ನಂಗೂ ಚೆನ್ನಾಗಿತ್ತು" ಅಂದಳು. ಇಬ್ಬರೂ ಅತ್ತೆವು. ಅತ್ತು, ರೊಟ್ಟಿ ಎಣ್ಣೆಗಾಯಿ ಪಲ್ಯ ಊಟ ಮಾಡಿದೆವು. ತಟ್ಟುವಾಗ ನನ್ನ ಜೋಳದ ರೊಟ್ಟಿ ಈಗ ಹರಿಯುವುದಿಲ್ಲ, ಗೊತ್ತಾ?

ಮೊದಲು ಡಾಕ್ಟರ್.

ನಿನ್ನ ಲಕ್ಷ್ಮಕ್ಕ


ಜಾಲಹಳ್ಳಿ
20 ಅಕ್ಟೋಬರ್ 2024

ಪ್ರೀತಿಯ ಲಕ್ಷ್ಮಕ್ಕ,

ಫೋನಿನಲ್ಲಿ ಚೂರುಪಾರು ಹೇಳಿದ್ದೇನೆ. ಇವರು ಪಕ್ಕದಲ್ಲಿದ್ದರು, ಎಲ್ಲ ಹೇಳಲಾಗಲಿಲ್ಲ.

ಡಾಕ್ಟರ್ ನಂದಕುಮಾರ್ ಎದುರಿಗೆ ನಾನು ಎಲ್ಲ ಹೇಳಿದೆ. ಹೇಳುತ್ತಿರುವಾಗ ಇವರು ನನ್ನ ಕಡೆಯೇ ನೋಡುತ್ತಿದ್ದರು. ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು ನಿಲ್ಲುವ ಕಾಯಿಲೆ ಇರಬಹುದು, ಹಗಲು ತೂಕಡಿಸುವುದೂ ಅದಕ್ಕೇ ಎಂದರು ಡಾಕ್ಟರು. ಹೊರಗೆ ಬಂದು ಆಟೋ ಹತ್ತಿದ ಮೇಲೆ ಇವರು ಕೇಳಿದರು. "ಆರು ತಿಂಗಳಿಂದ ದಿನಾ ಹಿಂಗ ಎದ್ದು ಕುಂತಿದ್ದಿ?" ಹೌದು ಎಂದೆ. "ನನಗ ಹೇಳಬಾರದೇನ ಹುಚ್ಚಿ?" ಎಂದವರು ಹೆಬ್ಬಾಳದ ಫ್ಲೈಓವರ್ ದಾಟುವ ತನಕ ಆ ಕಡೆ ಮುಖ ಮಾಡಿ ಕೂತಿದ್ದರು. ಕೋಪ ಬಂದಿದೆ ಎಂದುಕೊಂಡೆ. ಮನೆಗೆ ಬಂದು ಅವರೇ ಕಾಫಿ ಮಾಡಿಕೊಟ್ಟರು. ಮೂರು ಗಂಟೆ ದಾಟಿತ್ತು, ಆದರೂ ಕುಡಿದೆ.

ಒಂದು ರಾತ್ರಿ ಬೆರಳಿಗೆ, ಎದೆಗೆ ವೈರು ಕಟ್ಟಿ ಪರೀಕ್ಷೆ ಮಾಡಿದರು. ಗಂಟೆಗೆ ನಲವತ್ತೊಂದು ಸಲ ಉಸಿರು ನಿಲ್ಲುತ್ತಿತ್ತಂತೆ. ಈಗ ಮೂಗಿಗೆ ಮುಖವಾಡ ಕಟ್ಟಿ ಗಾಳಿ ಒತ್ತುವ ಒಂದು ಯಂತ್ರ ಬಂದಿದೆ. ಅದನ್ನು ಕೂರಿಸಲು ಜೀಷಾನ್ ಎಂಬ ಟೆಕ್ನಿಷಿಯನ್ ಬಂದಿದ್ದರು. ಮುಖವಾಡ ಹಾಕಿಕೊಂಡು ಕನ್ನಡಿ ನೋಡಿದ ಇವರು, "ಅರವತ್ತೈದಕ್ಕ ಏರ್‌ಫೋರ್ಸ್ ಸೇರಿದಂಗಾತು" ಎಂದರು. ಮೂರು ರಾತ್ರಿ ಕಿತ್ತು ಬಿಸಾಕಿದರು. ನಾಲ್ಕನೆಯ ದಿನ ಒಗ್ಗಿತು. ಈಗ ಬೆಳಿಗ್ಗೆ ಐದೂವರೆಗೆ ಎದ್ದು ಹಾಡು ಹೇಳಿಕೊಂಡು ಗಿಡಕ್ಕೆ ನೀರು ಹಾಕುತ್ತಾರೆ. ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಓದಿ ನನಗೂ ಓದಿ ಹೇಳುತ್ತಾರೆ. ಹತ್ತು ವರ್ಷ ಹಿಂದೆ ಹೋದ ಹಾಗಾಗಿದೆ.

ಆದರೆ ನನ್ನ ಕಥೆ ಕೇಳಿ. ಗೊರಕೆ ಇಲ್ಲ. ಒಂದು ಸಣ್ಣ ಸೂಂ ಎನ್ನುವ ಶಬ್ದ, ಅಷ್ಟೆ. ಅಷ್ಟು ನಿಶ್ಶಬ್ದವಾದರೆ ಇವರು ಇದ್ದಾರೆ ಎಂದು ಹೇಗೆ ನಂಬುವುದು? ಎದ್ದು ಎದೆಯ ಮೇಲೆ ಕೈ ಇಟ್ಟು ನೋಡುತ್ತೇನೆ. ಇದನ್ನು ಜೀಷಾನ್‌ಗೆ ಫೋನಿನಲ್ಲಿ ಹೇಳಿದರೆ ನಗಲಿಲ್ಲ ಆ ಪುಣ್ಯಾತ್ಮ. "ಅಮ್ಮಾ, ಅದರಲ್ಲಿ ಎಲ್ಲ ರೆಕಾರ್ಡ್ ಆಗುತ್ತೆ. ಬೆಳಿಗ್ಗೆ ಎದ್ದು ಸ್ಕ್ರೀನ್ ಮೇಲೆ ನಂಬರ್ ನೋಡಿ ಸಾಕು. ರಾತ್ರಿ ಡ್ಯೂಟಿ ಮಷೀನ್‌ದು, ಬೆಳಗಿನ ಡ್ಯೂಟಿ ನಿಮ್ದು" ಎಂದರು. ಇವತ್ತು ನಂಬರ್ ಮೂರು. ನಲವತ್ತೊಂದು ಇದ್ದದ್ದು ಮೂರು!

ಆವತ್ತಿನ ನಿದ್ದೆ ನಾಚಿಕೆ ಎಂದ ನಿಮ್ಮ ಮಾತು ದಿನಕ್ಕೆ ಹತ್ತು ಸಲ ನೆನಪಾಗುತ್ತದೆ. ನನಗೆ ಹೊಳೆದದ್ದನ್ನು ಹೇಳಲೇ? ನರಸಿಂಹಯ್ಯಣ್ಣನಿಗೆ ಪಕ್ಕದಲ್ಲಿ ನೀವು ಆರಾಮಾಗಿ ಮಲಗಿದ್ದದ್ದೇ ಕೊನೆಗೆ ಗೊತ್ತಿದ್ದದ್ದು. ಅದಕ್ಕಿಂತ ಒಳ್ಳೆಯದು ಏನಿತ್ತು ಹೇಳಿ.

ನಿಮ್ಮ ಸಂಗವ್ವ


ಧಾರವಾಡ
28 ಅಕ್ಟೋಬರ್ 2024

ಸಂಗವ್ವಾ,

ನೀನು ಕೊನೆಗೆ ಬರೆದ ಸಾಲನ್ನು ಪಟಾಲಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಅದಕ್ಕೆ ಮುಂಚೆ ನೀರಿನ ವಿಷಯವನ್ನೂ ಹೇಳಿದೆ. ಬೈಯುತ್ತಾಳೆ ಅಂತ ಕಾದೆ. "ಓಗ್ಲಿ ಬಿಡು ಅತ್ತಿಗೆ, ನಾನು ಅಂಗೆ ಕೇಳ್ಬಾರ್ದಿತ್ತು" ಅಂದಳು. ದೀಪಾವಳಿಗೆ ಮಾಕಳಿಗೆ ಕರೆದಿದ್ದಾಳೆ. ನೀನು ಕಳಿಸಿದ ಹಸಿರು ಸೀರೆ ಉಟ್ಟುಕೊಂಡು ಹೋಗುತ್ತೇನೆ. ಒಂದು ವಾರ ಮುಗಿಸಿ ನಿಮ್ಮಲ್ಲಿಗೂ ಬರುತ್ತೇನೆ.

ಇನ್ನು ನಿದ್ದೆಗೆ ನನ್ನ ಹತ್ತಿರ ಯಾವ ಉಪಾಯವೂ ಉಳಿದಿಲ್ಲ. ಬಂದರೆ ಬರಲಿ, ಇಲ್ಲದಿದ್ದರೆ ಸುಮ್ಮನೆ ಕಣ್ಣು ಮುಚ್ಚಿ ಮೈ ಚಾಚಿಕೊಂಡಿರು. ಅದೂ ವಿಶ್ರಾಂತಿಯೇ. ನೀನಾಗಿ ಹಿಡಿಯಲು ಹೋಗಬೇಡ.

ಲಕ್ಷ್ಮಕ್ಕ


ಜಾಲಹಳ್ಳಿ
17 ನವೆಂಬರ್ 2024

ಪ್ರೀತಿಯ ಲಕ್ಷ್ಮಕ್ಕ,

ನೀವು ಧಾರವಾಡ ಮುಟ್ಟಿದ ಸುದ್ದಿ ದಿವ್ಯ ಹೇಳಿದಳು. ನೀವಿದ್ದ ಆ ನಾಲ್ಕು ದಿನ ಮನೆ ತುಂಬಿತ್ತು. ಮಾತಾಡುತ್ತಾ ಆಡುತ್ತಾ ಅರ್ಧ ಮಾತಿಗೇ ನಿದ್ದೆ ಹೋಗುತ್ತಿದ್ದಿರಿ. ಉಳಿದರ್ಧ ಏನಿತ್ತು ಎಂದು ನನಗೆ ಈಗಲೂ ಗೊತ್ತಿಲ್ಲ.

ಇವತ್ತಿನ ಸಮಾಚಾರ ಕೇಳಿ. ನಿನ್ನೆ ರಾತ್ರಿ ಊಟವಾದ ಮೇಲೆ ಇವರು ಮುಖವಾಡ ಕಟ್ಟಿಕೊಂಡರು, ನಾನು ದೀಪ ಆರಿಸಿ ಮಲಗಿದೆ. ನಾಳೆ ತಿಂಡಿಗೆ ಏನು ಮಾಡುವುದು ಎಂದು ಯೋಚಿಸುತ್ತಿದ್ದೆ. ಅವಲಕ್ಕಿಯೋ ಉಪ್ಪಿಟ್ಟೋ ಎನ್ನುವ ತನಕ ನೆನಪಿದೆ.

ಕಣ್ಣು ಬಿಟ್ಟಾಗ ಕೋಣೆಯ ತುಂಬಾ ಬಿಸಿಲು. ಗಂಟೆ ಎಂಟೂಕಾಲು. ನನಗೆ ಬೆಲ್ ಕೇಳಿಸದೆಯೇ ಹಾಲಿನವನು ಬಂದು ಹೋಗಿದ್ದ, ಬೀದಿ ಗುಡಿಸಿಯಾಗಿತ್ತು, ತರಕಾರಿಯವನ ಮೈಕು ತಿರುವಿನಾಚೆ ಕೇಳುತ್ತಿತ್ತು. ಮಂಚದ ಪಕ್ಕದಲ್ಲಿ ಇವರು ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ಕುರ್ಚಿ ಎಳೆದುಕೊಂಡು ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು. ಗಾಬರಿಯಾಗಿ ಎದ್ದು ಕೂತೆ.

"ಏನಾತ್ರೀ?" ಎಂದೆ.

"ಏನಿಲ್ಲ. ನೀ ಇಷ್ಟೊತ್ತನ ಮಲಗಿದ್ದನ್ನ ನಾ ನೋಡಿದ್ದೇ ಇಲ್ಲ. ಹೆದರಿಕಿ ಬಂತು. ಎಬ್ಬಸಬೇಕಂದ್ರ ಮನಸ್ಸು ಬರಲಿಲ್ಲ. ಒಂದ ತಾಸಿನಿಂದ ನಿನ್ನ ಉಸರ ನೋಡಕೋತ ಕುಂತೀನಿ."

ಲಕ್ಷ್ಮಕ್ಕ, ಆ ಮುಖ ನೀವು ನೋಡಬೇಕಿತ್ತು. ಆರು ತಿಂಗಳು ನನ್ನ ಮುಖವೂ ಹಾಗೇ ಇದ್ದಿರಬೇಕು.

ಆಮೇಲೆ ಸ್ವಲ್ಪ ಹಿಂದೆಮುಂದೆ ನೋಡಿ, "ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ. ನೀನೂ ಗೊರಕಿ ಹೊಡಿತಿ" ಎಂದರು.

ನನಗೆ ನಗು ತಡೆಯಲಾಗಲಿಲ್ಲ. "ಮೂವತ್ತಾರು ವರ್ಷ ನಿಮ್ಮದು ನಾ ಕೇಳೀನಿ. ಇನ್ನ ನಂದು ನೀವು ಕೇಳ್ರಿ" ಎಂದು ಹೊದಿಕೆ ಎಳೆದುಕೊಂಡು ಇನ್ನೂ ಅರ್ಧ ಗಂಟೆ ಮಲಗಿದೆ.

ನಿಮ್ಮ,
ಸಂಗವ್ವ